ಮೂರು ದಿನ ರಜೆ, ಜೊತೆಗೆ ಹದಿಹರೆಯದ ಮಗಳು: ಕಡಿಮೆ ಖರ್ಚಿನಲ್ಲಿ ಕೊಚ್ಚಿಗೆ ಹೋಗಿ ಬರುವುದು ಹೇಗೆ?

ಕಳೆದ ವರ್ಷ ಮೂರು ದಿನ ಒಟ್ಟಿಗೆ ರಜೆ ಬಂದಾಗ ಕಾಸರಗೋಡಿನ ಬದಿಯಡ್ಕದ ನಮ್ಮ ಪಕ್ಕದ ಮನೆಯವರು ಬಾಡಿಗೆ ಕಾರು ಮಾಡಿ ಕೊಚ್ಚಿಗೆ ಹೋದರು. ಹೋಗುವುದಕ್ಕೆ ಒಂದು ದಿನ, ಬರುವುದಕ್ಕೆ ಒಂದು ದಿನ. ಹೆದ್ದಾರಿ ಕೆಲಸ ನಡೆಯುವಲ್ಲೆಲ್ಲ ಕಾರು ನಿಂತಿತು. ಹತ್ತನೇ ಕ್ಲಾಸಿನ ಹುಡುಗ ಹಿಂದಿನ ಸೀಟಿನಲ್ಲಿ ಮೊಬೈಲ್ ಹಿಡಿದು ಕೂತಿದ್ದನಂತೆ. ಬಂದ ಮೇಲೆ "ಏನು ನೋಡಿದ್ಯೋ?" ಅಂತ ಕೇಳಿದರೆ "ಮಾಲ್" ಅಂದ. ಖರ್ಚು ಇಪ್ಪತ್ತು ಸಾವಿರ ದಾಟಿತ್ತು.

ಇಂಥದ್ದನ್ನು ನಾಲ್ಕೈದು ಮನೆಗಳಲ್ಲಿ ನೋಡಿ ಬೇಸರವಾಗಿ ಇದನ್ನು ಬರೆಯುತ್ತಿದ್ದೇನೆ. ನಾನೂ ನನ್ನ ಹದಿನೈದು ವರ್ಷದ ಮಗಳೂ ಅದೇ ಕೊಚ್ಚಿಗೆ ಎರಡು ಸಲ ಹೋಗಿದ್ದೇವೆ. ಎರಡೂ ಸಲ ಖರ್ಚು ಏಳು ಸಾವಿರದೊಳಗೆ ಮುಗಿದಿದೆ.

ರಜೆ ಯಾವುದು?

ಶನಿ, ಭಾನು, ಸೋಮ ಸೇರಿ ಬರುವ ರಜೆಯನ್ನೇ ಹಿಡಿಯಿರಿ. ಶುಕ್ರವಾರದಿಂದ ಶುರುವಾಗುವ ರಜೆ ಕೊಚ್ಚಿಗೆ ಹೊಂದುವುದಿಲ್ಲ. ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ಬಾಗಿಲು ಹಾಕಿರುತ್ತದೆ. ಅಲ್ಲೇ ಪಕ್ಕದ ಯಹೂದಿಗಳ ಪ್ರಾರ್ಥನಾ ಮಂದಿರ ಸಿನಗಾಗ್‌ಗೆ ಶುಕ್ರವಾರ, ಶನಿವಾರ ಎರಡೂ ದಿನ ಬಾಗಿಲು ಹಾಕಿರುತ್ತದೆ. ಭಾನುವಾರ ಎರಡೂ ತೆರೆದಿರುತ್ತವೆ. ಓಣಂ ರಜೆಯಲ್ಲಿ ಮಾತ್ರ ಹೊರಡಬೇಡಿ. ಇಡೀ ಕೇರಳ ರೈಲಿನಲ್ಲಿರುತ್ತದೆ.

ಟಿಕೆಟ್: ಹೆಚ್ಚಿನವರು ತಪ್ಪುವುದು ಇಲ್ಲೇ

ಹೋಗುವ ಟಿಕೆಟ್ ಸಿಕ್ಕಿದ ಕೂಡಲೇ ಖುಷಿಯಲ್ಲಿ ರೂಮು ಬುಕ್ ಮಾಡಿಬಿಡುತ್ತಾರೆ. ಬರುವ ಟಿಕೆಟ್ "ಮತ್ತೆ ನೋಡುವ" ಅನ್ನುತ್ತಾರೆ. ಕೊನೆಗೆ ಸೋಮವಾರ ರಾತ್ರಿ ಬಸ್ಸಿಗೆ ಮೂರು ಪಟ್ಟು ಕೊಟ್ಟು ಬರುತ್ತಾರೆ. ಬರುವ ಟಿಕೆಟ್ ಮೊದಲು ಮಾಡಿ. ಅದು ಖಚಿತವಾದ ಮೇಲೆ ಹೋಗುವುದು, ಆಮೇಲೆ ರೂಮು.

ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. 2024ರ ನವೆಂಬರ್‌ಗೆ ಮೊದಲು 120 ದಿನ ಇತ್ತು. ಹಳೇ ಲೆಕ್ಕದಲ್ಲೇ ಇರುವವರು ಇನ್ನೂ ಇದ್ದಾರೆ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ, ಬೆಳಿಗ್ಗೆ ಎಂಟಕ್ಕೆ ಫೋನ್ ಕೈಯಲ್ಲಿರಲಿ. ರೈಲ್ವೆಯ ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸುವ ಕೆಲಸ ಹಿಂದಿನ ವಾರವೇ ಮುಗಿಸಿಕೊಳ್ಳಿ. ಹನ್ನೆರಡು ವರ್ಷ ತುಂಬಿದ ಮಕ್ಕಳಿಗೆ ಪೂರ್ತಿ ಟಿಕೆಟ್, ಅರ್ಧ ಟಿಕೆಟಿನ ಆಸೆ ಬೇಡ.

ರೈಲು ಯಾವುದು? ನನ್ನನ್ನು ಕೇಳಿದರೆ ಪರಶುರಾಮ್ ಎಕ್ಸ್‌ಪ್ರೆಸ್. ಬೆಳಗಿನ ಜಾವ ಮಂಗಳೂರು ಬಿಟ್ಟು, ಬೆಳಕಾಗುವ ಹೊತ್ತಿಗೆ ಕಾಸರಗೋಡು ದಾಟಿ, ಮಧ್ಯಾಹ್ನ ಕೊಚ್ಚಿಯ ಎರ್ನಾಕುಳಂ ಟೌನ್ ಸ್ಟೇಷನ್‌ಗೆ ಮುಟ್ಟುತ್ತದೆ. ಕೂತು ಹೋಗುವ ಸೆಕೆಂಡ್ ಸಿಟ್ಟಿಂಗ್‌ಗೆ ಒಬ್ಬರಿಗೆ ನೂರೈವತ್ತರ ಆಸುಪಾಸು. ಮಾವೇಲಿ, ಮಲಬಾರ್ ರಾತ್ರಿ ರೈಲುಗಳು ಒಳ್ಳೆಯವೇ. ಆದರೆ ಎರಡೂ ಬೆಳಕು ಹರಿಯುವ ಮೊದಲೇ ನಿಮ್ಮನ್ನು ಎರ್ನಾಕುಳಂನಲ್ಲಿ ಇಳಿಸುತ್ತವೆ. ಆ ಹೊತ್ತಿನಲ್ಲಿ ರೂಮು ಕೊಡುವವರಿಲ್ಲ, ಕೊಟ್ಟರೆ ಒಂದು ದಿನದ ಬಾಡಿಗೆ ಜಾಸ್ತಿ. ವಂದೇ ಭಾರತ್‌ನಲ್ಲಿ ಹೋಗಲೇಬೇಕು ಅಂತ ಮಕ್ಕಳು ಹಟ ಹಿಡಿದರೆ, ಬುಕ್ ಮಾಡುವಾಗ ಊಟ ಬೇಡ ಅಂತ ಒತ್ತಿ, ಸ್ವಲ್ಪ ಉಳಿಯುತ್ತದೆ. ಆದರೂ ಅದು ಸ್ಲೀಪರ್‌ಗಿಂತ ಎಷ್ಟೋ ಪಟ್ಟು ದುಬಾರಿ. ನಾನು ಒಪ್ಪುವುದಿಲ್ಲ.

ಇನ್ನೊಂದು ವಿಷಯ ನಮ್ಮ ಕಡೆಯವರಿಗೆ ಗೊತ್ತಿರಬೇಕು. ಮಂಗಳೂರಿನಲ್ಲಿ ಓದುವ ಮಲಯಾಳಿ ಮಕ್ಕಳು ಶುಕ್ರವಾರ ಸಂಜೆ ದಕ್ಷಿಣಕ್ಕೆ ಹೊರಡುತ್ತಾರೆ. ರಜೆ ಮುಗಿಯುವ ದಿನ ಸಂಜೆ, ರಾತ್ರಿ ವಾಪಸ್ ಬರುತ್ತಾರೆ. ನೀವು ಆ ಎರಡು ಹೊತ್ತನ್ನು ಬಿಟ್ಟುಬಿಡಿ. ಶನಿವಾರ ಬೆಳಿಗ್ಗೆ ಹೋಗಿ, ಸೋಮವಾರ ಹಗಲಿನ ಪರಶುರಾಮ್‌ನಲ್ಲಿ ಹೊರಟರೆ ಕೂರಲು ಜಾಗ ಸಿಗುವ ಅವಕಾಶ ಜಾಸ್ತಿ.

ಕಾಸರಗೋಡಿನಿಂದ ವೇಟಿಂಗ್ ತೋರಿಸಿದರೆ ಅಲ್ಲಿಗೇ ಬಿಡಬೇಡಿ. ಮಂಗಳೂರು ಸೆಂಟ್ರಲ್‌ನಿಂದ ಹುಡುಕಿ ನೋಡಿ. ರೈಲು ಹೊರಡುವ ಊರಿನ ಕೋಟಾ ಬೇರೆ, ನಡುವಿನ ಊರಿನದ್ದು ಬೇರೆ. ಕೆಲವೇ ರೂಪಾಯಿ ಹೆಚ್ಚು ಕೊಟ್ಟು ಮಂಗಳೂರಿನಿಂದ ಟಿಕೆಟ್ ತೆಗೆದು, ಹತ್ತುವ ಸ್ಟೇಷನ್ ಕಾಸರಗೋಡು ಅಂತ ನಮೂದಿಸಿದರಾಯಿತು. ವೇಟಿಂಗ್‌ನಲ್ಲೂ ವ್ಯತ್ಯಾಸ ಇದೆ. ಜಿಎನ್‌ಡಬ್ಲ್ಯುಎಲ್ (ಸಾಮಾನ್ಯ ವೇಟಿಂಗ್ ಪಟ್ಟಿ) ಅಂತಿದ್ದರೆ ಖಚಿತವಾಗುವ ಸಾಧ್ಯತೆ ಹೆಚ್ಚು, ಪಿಕ್ಯುಡಬ್ಲ್ಯುಎಲ್ (ನಡುವಿನ ಊರುಗಳನ್ನು ಒಟ್ಟು ಸೇರಿಸಿದ ಕೋಟಾದ ಪಟ್ಟಿ) ಅಂತಿದ್ದರೆ ಕಡಿಮೆ. ತತ್ಕಾಲ್ ಹಿಂದಿನ ದಿನ, ಎಸಿ ಇಲ್ಲದ ದರ್ಜೆಗಳಿಗೆ ಬೆಳಿಗ್ಗೆ ಹನ್ನೊಂದಕ್ಕೆ ತೆರೆಯುತ್ತದೆ. ಅದನ್ನೇ ನಂಬಿ ಕೂರಬೇಡಿ. ಖಚಿತವಾದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ದುಡ್ಡೂ ವಾಪಸ್ ಬರುವುದಿಲ್ಲ.

ರೂಮು

ಟೌನ್ ಹಾಲ್ ಅಥವಾ ಎರ್ನಾಕುಳಂ ಸೌತ್ ಮೆಟ್ರೋ ಸ್ಟೇಷನ್‌ಗೆ ನಡೆದು ಹೋಗುವಷ್ಟು ಹತ್ತಿರ ಹಿಡಿಯಿರಿ. ಮೊದಲ ಸಲ ನಾನು ಆ್ಯಪ್‌ನಲ್ಲಿ ನಾನ್ನೂರು ರೂಪಾಯಿ ಕಡಿಮೆ ಅಂತ ದೂರದ ರೂಮು ಮಾಡಿದ್ದೆ. "ನಗರದ ಮಧ್ಯ" ಅಂತ ಬರೆದಿತ್ತು. ದಿನಕ್ಕೆ ಎರಡು ಸಲ ಆಟೋ ಮಾಡಿ ಆ ನಾನ್ನೂರೂ ಹೋಯಿತು, ಅದರ ಮೇಲೆ ಇನ್ನೂರೂ ಹೋಯಿತು.

ಶನಿವಾರದ ಸಂಜೆ ಮಕ್ಕಳ ಕೈಗೆ

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು. ಊರಿನಲ್ಲೇ ಒಂದು ಸಣ್ಣ ಪುಸ್ತಕ ಕೊಟ್ಟು, ಒಟ್ಟು ಬಜೆಟ್ ಮಕ್ಕಳ ಕೈಯಲ್ಲೇ ಬರೆಸಿ. ನಮ್ಮದು ಹೀಗಿತ್ತು: ರೈಲಿಗೆ 700, ಎರಡು ರಾತ್ರಿಯ ರೂಮಿಗೆ 2,800, ಊಟ ತಿಂಡಿಗೆ 1,500, ಮೆಟ್ರೋ, ದೋಣಿ, ಆಟೋಗೆ 700. ಇದಲ್ಲದೆ ಒಂದು ಸಾವಿರ ಮಗಳ ಕೈಗೆ.

ಶನಿವಾರ ರೂಮು ಸೇರಿದ ಮೇಲೆ ರಾತ್ರಿ ಒಂಬತ್ತರವರೆಗೆ ಆ ಒಂದು ಸಾವಿರದಲ್ಲಿ ಇಬ್ಬರೂ ಓಡಾಡಬೇಕು, ಊಟವನ್ನೂ ಮಾಡಬೇಕು. ಎಲ್ಲಿಗೆ ಹೋಗುವುದು, ಏನು ತಿನ್ನುವುದು ಅವಳ ತೀರ್ಮಾನ. ನಾನು ಜೊತೆಗೆ ಹೋಗುವವಳು ಮಾತ್ರ. ಕಷ್ಟ ಇರುವುದು ಇಲ್ಲೇ. ಬಾಯಿ ಮುಚ್ಚಿಕೊಂಡಿರುವುದು ಅಮ್ಮಂದಿರಿಗೆ ಆಗುವುದಿಲ್ಲ. "ಅದಕ್ಕೆ ಅಷ್ಟು ಯಾಕೆ?" ಅಂತ ಒಂದೇ ಒಂದು ಸಲ ಕೇಳಿದರೂ ಪುಸ್ತಕ ನಿಮ್ಮ ಕೈಗೆ ವಾಪಸ್ ಬರುತ್ತದೆ, ಮೊಬೈಲ್ ಅವರ ಕೈಗೆ.

ಮೊದಲ ಸಲ ಅವಳು ಮೆಟ್ರೋದಲ್ಲಿ ಎಡಪ್ಪಳ್ಳಿಯ ಮಾಲ್‌ಗೆ ಕರೆದುಕೊಂಡು ಹೋದಳು. ಒಂದು ಗಂಟೆಯಲ್ಲಿ 620 ರೂಪಾಯಿ ಮುಗಿಯಿತು. ಪುಸ್ತಕ ತೆಗೆದು, ಕೂಡಿಸಿ, "ಅಮ್ಮಾ, ರಾತ್ರಿಗೆ ಪರೋಟ ಸಾಕಾ?" ಅಂದಳು. ಸಾಕು ಅಂದೆ. ಎರಡನೇ ಸಲ ಮಾಲ್ ಸುದ್ದಿ ಎತ್ತಲಿಲ್ಲ. ಹೈಕೋರ್ಟ್ ಜೆಟ್ಟಿಯಿಂದ ವಾಟರ್ ಮೆಟ್ರೋ ದೋಣಿಯಲ್ಲಿ ವೈಪಿನ್ ದ್ವೀಪಕ್ಕೆ ಹೋಗಿ, ಸೂರ್ಯ ಮುಳುಗುವುದನ್ನು ನೋಡಿ ಬಂದೆವು. ತಟ್ಟುಕಡದಲ್ಲಿ, ಅಂದರೆ ಮಾರ್ಗದ ಬದಿಯ ಗೂಡಂಗಡಿಯಲ್ಲಿ, ಊಟವಾದ ಮೇಲೂ 380 ರೂಪಾಯಿ ಮಿಕ್ಕಿತು. ಅದು ಅವಳದ್ದೇ ಅಂತ ಮೊದಲೇ ಮಾತಾಗಿತ್ತು.

ಕನ್ನಡ ಮೀಡಿಯಂನ ನಮ್ಮ ಮಕ್ಕಳಿಗೆ ಮಲಯಾಳ ಮಾತಾಡಲು ಬರುತ್ತದೆ, ಬೋರ್ಡ್ ಓದಲು ತಡವರಿಸುತ್ತಾರೆ. ಕೊಚ್ಚಿಯ ಮಲಯಾಳವೂ ನಮ್ಮ ಕಾಸರಗೋಡಿನದ್ದಲ್ಲ. ಆದರೂ ದಾರಿ ಕೇಳುವುದು, ಟಿಕೆಟ್ ತೆಗೆಯುವುದು ಅವರೇ ಮಾಡಲಿ. ಎರಡನೇ ದಿನಕ್ಕೆ ಧೈರ್ಯ ಬರುತ್ತದೆ.

ಭಾನುವಾರ

ಎರ್ನಾಕುಳಂ ಬೋಟ್ ಜೆಟ್ಟಿಯಿಂದ ಸರ್ಕಾರಿ ಜಲಸಾರಿಗೆಯ ಸಾದಾ ದೋಣಿಯಲ್ಲಿ ಫೋರ್ಟ್ ಕೊಚ್ಚಿಗೆ ಹೋಗಿ. ಬಸ್ಸಿಗಿಂತಲೂ ಅಗ್ಗ. ಫೋರ್ಟ್ ಕೊಚ್ಚಿಯ ವಾಟರ್ ಮೆಟ್ರೋಗೆ ರಜಾದಿನ ಉದ್ದದ ಸಾಲು ಇರುತ್ತದೆ. ಆ ಅನುಭವ ವೈಪಿನ್ ದಾರಿಯಲ್ಲೇ ಆಗುತ್ತದೆ ಅಲ್ವಾ? ಜೆಟ್ಟಿಯಲ್ಲಿ ಇಳಿದ ಕೂಡಲೇ ಐವತ್ತು ರೂಪಾಯಿಗೆ ಎಲ್ಲ ತೋರಿಸುತ್ತೇವೆ ಅಂತ ಆಟೋದವರು ಕರೆಯುತ್ತಾರೆ. ಹತ್ತಬೇಡಿ. ದಾರಿಯಲ್ಲಿ ಮೂರು ನಾಲ್ಕು ಅಂಗಡಿಗಳ ಮುಂದೆ ನಿಲ್ಲಿಸುತ್ತಾರೆ.

ಮೊದಲು ಮಟ್ಟಾಂಚೇರಿ. ಅರಮನೆಯನ್ನು 1555ರ ಹೊತ್ತಿಗೆ ಪೋರ್ಚುಗೀಸರು ಕಟ್ಟಿ ಕೊಚ್ಚಿ ರಾಜರಿಗೆ ಕೊಟ್ಟರು, ಆಮೇಲೆ ಡಚ್ಚರು ರಿಪೇರಿ ಮಾಡಿದರು. ಗೋಡೆಯ ಮೇಲಿನ ರಾಮಾಯಣದ ಚಿತ್ರಗಳ ಮುಂದೆ ನಿಧಾನಕ್ಕೆ ನಿಲ್ಲಿ. ಫೋಟೋ ತೆಗೆಯುವಂತಿಲ್ಲ, ಹಾಗಾಗಿ ಮಕ್ಕಳೂ ಕಣ್ಣಿಟ್ಟು ನೋಡುತ್ತಾರೆ. ಸಿನಗಾಗ್ 1568ರದ್ದು. ಅದರ ನೆಲಕ್ಕೆ ಹಾಸಿದ ಚೀನಾದ ನೀಲಿ ಹೆಂಚುಗಳನ್ನು ಕೈಯಲ್ಲೇ ಬರೆದದ್ದು, ಒಂದರ ಹಾಗೆ ಇನ್ನೊಂದಿಲ್ಲ. ಮಂಜೇಶ್ವರ, ಕಾಸರಗೋಡಿನ ಕೊಂಕಣಿಗರು ಅಲ್ಲೇ ಸಮೀಪದ ತಿರುಮಲ ದೇವಸ್ಥಾನದ ಬೀದಿಗೂ ಹೋಗಬೇಕು. ಮನೆಮಾತು ಕಿವಿಗೆ ಬೀಳುತ್ತದೆ.

ಫೋರ್ಟ್ ಕೊಚ್ಚಿಯ ಸಂತ ಫ್ರಾನ್ಸಿಸ್ ಚರ್ಚ್‌ನಲ್ಲಿ ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುತ್ತದೆ, ಮಧ್ಯಾಹ್ನದ ಮೇಲೆ ಹೋಗಿ. 1524ರಲ್ಲಿ ಸತ್ತ ವಾಸ್ಕೋ ಡ ಗಾಮನನ್ನು ಮೊದಲು ಹೂಳಿದ್ದು ಅಲ್ಲಿ. ಸಂಜೆ ಮೀನು ಹಿಡಿಯುವ ಚೀನೀ ಬಲೆಗಳ ಹತ್ತಿರ ಕೂತರೆ ಸಾಕು, ಇನ್ನೇನೂ ಬೇಡ. ಪಟ್ಟಿಗೆ ಏಳನೇ ಜಾಗ ಸೇರಿಸಿದವರ ಮಕ್ಕಳು ಐದನೆಯದರಲ್ಲೇ ಮುಖ ಉಬ್ಬಿಸಿರುತ್ತಾರೆ.

ಊಟ, ಬ್ಯಾಗು

ರೈಲಿಗೆ ಮನೆಯ ಬನ್ಸ್ ಕಟ್ಟಿಕೊಳ್ಳಿ. ಎರ್ನಾಕುಳಂ ನಾರ್ತ್ (ಅದೇ ಟೌನ್ ಸ್ಟೇಷನ್) ಹತ್ತಿರ ಕುಡುಂಬಶ್ರೀ ಸ್ವಸಹಾಯ ಸಂಘದ ಹೆಂಗಸರು ನಡೆಸುವ ಸಮೃದ್ಧಿ ಹೋಟೆಲ್ ಇದೆ. 2021ರಲ್ಲಿ 10 ರೂಪಾಯಿ ಊಟದಿಂದ ಶುರುವಾದದ್ದು, ಈಗ ದರ ಸ್ವಲ್ಪ ಏರಿದೆ. ಚಕ್ರದ ಸೂಟ್‌ಕೇಸ್ ಬೇಡ, ದೋಣಿ ಹತ್ತುವಾಗ ತೊಂದರೆ. ಆಳಿಗೊಂದು ಬೆನ್ನಿನ ಬ್ಯಾಗ್ ಸಾಕು. ಮಾರ್ಗದ ಬದಿಯ ಐವತ್ತು ರೂಪಾಯಿಯ ಪ್ಲಾಸ್ಟಿಕ್ ರೈನ್‌ಕೋಟ್ ಮೊದಲ ಮಳೆಗೇ ಹರಿಯುತ್ತದೆ. ಕೊಡೆ ತನ್ನಿ.

ಸೋಮವಾರ ತಿಂಡಿ ತಿಂದು, ರೂಮು ಬಿಟ್ಟು, ನೇರ ಟೌನ್ ಸ್ಟೇಷನ್‌ಗೆ. ರೈಲು ಕತ್ತಲಾಗುವ ಹೊತ್ತಿಗೆ ಕಾಸರಗೋಡಿಗೆ ಬರುತ್ತದೆ. ತಡವಾದರೆ ಒಳಗಿನ ಊರುಗಳಿಗೆ ಬಸ್ಸು ಸಿಗುವುದು ಕಷ್ಟ. ಹಾಗಾಗಿ ಕಣ್ಣೂರು ದಾಟಿದ ಕೂಡಲೇ ಮನೆಗೆ ಫೋನ್ ಮಾಡಿ, ಸ್ಟೇಷನ್‌ಗೆ ಯಾರಾದರೂ ಬರಲಿ.