ಮಾಲಮ್ಯೂಟ್‌ಗೆ ಮೊದಲು ಕೆಲಸ ಕೊಡಿ: ನನ್ನ ಅನುಭವ

ನಾವಿರುವುದು ಅಲಾಸ್ಕದ ಫೇರ್‌ಬ್ಯಾಂಕ್ಸ್‌ನಲ್ಲಿ. ನಮ್ಮ ಭೀಮ ಅಲಾಸ್ಕನ್ ಮಾಲಮ್ಯೂಟ್ ತಳಿಯ ನಾಯಿ. ನೋಡಿದವರು ಹಸ್ಕಿ ಅಂದುಕೊಳ್ಳುತ್ತಾರೆ. ಹಸ್ಕಿ ಹಗುರ, ಓಟದ ನಾಯಿ. ಮಾಲಮ್ಯೂಟ್ ನಿಧಾನಕ್ಕೆ, ಬಹಳ ದೂರ ಹೊರೆ ಎಳೆಯುವ ನಾಯಿ. ಅಲಾಸ್ಕದ ವಾಯವ್ಯ ಕರಾವಳಿಯ ಕೊಟ್ಜೆಬ್ಯೂ ಕಡೆಯ ಮೂಲನಿವಾಸಿಗಳಾದ ಇನ್ಯೂಪಿಯಾಟ್ ಜನ ಸಾಮಾನು ತುಂಬಿದ ಜಾರುಬಂಡಿಗೆ ಇವನ್ನೇ ಕಟ್ಟುತ್ತಿದ್ದರು. ಗಂಡು ನಾಯಿ ಸುಮಾರು 38 ಕೆಜಿ ತೂಗುತ್ತದೆ.

ಆ ಎಳೆಯುವ ಬಲಕ್ಕೆ ದಾರಿ ಕೊಡದಿದ್ದರೆ ಅಂಗಳ ಉಳಿಯುವುದಿಲ್ಲ. ಮರಿಯಾಗಿದ್ದಾಗ ಭೀಮ ಬೇಲಿಯ ಬುಡ ತೋಡಿ ಆಚೆ ಹೋಗುತ್ತಿದ್ದ. ಬೈದರೆ "ವೂ ವೂ" ಅಂತ ವಾದ ಮಾಡುತ್ತಿದ್ದ. ಬೇಲಿಯ ಬುಡಕ್ಕೆ ತಂತಿ ಬಲೆ ಹೂತೆ. ಒಂದೂವರೆ ವರ್ಷ ದಾಟಿ ಮೂಳೆ ಬಲಿತ ಮೇಲೆ ಎದೆಪಟ್ಟಿ ಹಾಕಿ ಸೌದೆ ಹೇರಿದ ಜಾರುಬಂಡಿ ಎಳೆಸಿದೆ. ಅದಕ್ಕೆ ಮುಂಚೆ ಭಾರ ಎಳೆಸಿದರೆ ಕೀಲಿಗೆ ಪೆಟ್ಟು. ಕೆಲಸ ಸಿಕ್ಕ ಮೇಲೆ ತೋಡುವುದು ಎಷ್ಟೋ ಕಡಿಮೆಯಾಯಿತು.

ಇವನು ಕಾವಲು ನಾಯಿ ಅಲ್ಲ. ಯಾರು ಬಂದರೂ ಬಾಲ ಆಡಿಸುತ್ತಾನೆ. ಆದರೆ ಇನ್ನೊಂದು ಗಂಡು ನಾಯಿ ಕಂಡರೆ ಆಗುವುದಿಲ್ಲ. ಬೆಕ್ಕು, ಮೊಲ ಅವನ ಕಣ್ಣಿಗೆ ಬೇಟೆ. ಹಗ್ಗವಿಲ್ಲದೆ ಹೊರಗೆ ಬಿಡುವ ಮಾತೇ ಇಲ್ಲ. ಹೇಳಿದ್ದು ಬೇಗ ಅರ್ಥವಾಗುತ್ತದೆ, ಮಾಡಬೇಕಾ ಅಂತ ಅವನೇ ಯೋಚಿಸುತ್ತಾನೆ. ದಂಡಿಸಿದರೆ ಮೊಂಡು ಜಾಸ್ತಿ. ಒಂದು ಚೂರು ಸಾಲ್ಮನ್ ಮೀನು ತೋರಿಸಿದರೆ ಕೂರುತ್ತಾನೆ.

ಗಾತ್ರ ನೋಡಿ ಊಟ ಸುರಿಯಬೇಡಿ, ಇವಕ್ಕೆ ಅಷ್ಟು ಬೇಕಿಲ್ಲ. ಒಮ್ಮೆ ಭೀಮನ ಕಣ್ಣು, ಬಾಯಿಯ ಸುತ್ತ ಚರ್ಮ ಹೆಕ್ಕಳೆ ಕಟ್ಟಿತು. ಈ ತಳಿಯ ಕೆಲವು ನಾಯಿಗಳ ಮೈಗೆ ಸತು (ಜಿಂಕ್) ಸರಿಯಾಗಿ ಹಿಡಿಯುವುದಿಲ್ಲವಂತೆ. ಡಾಕ್ಟರ್ ಕೊಟ್ಟ ಸತುವಿನ ಮಾತ್ರೆಯಿಂದ ಗುಣವಾಯಿತು. ನೀವಾಗಿ ಕೊಡಬೇಡಿ, ಸತು ಹೆಚ್ಚಾದರೆ ವಿಷ.

ವರ್ಷಕ್ಕೆ ಎರಡು ಸಲ ಒಳಗಿನ ಉಣ್ಣೆ ಕಂತೆ ಕಂತೆಯಾಗಿ ಉದುರುತ್ತದೆ. ದಿನಾ ಬಾಚಲೇಬೇಕು. ಸೆಕೆ ಅಂತ ಬೋಳಿಸಬಾರದು. ಆ ಕೂದಲೇ ಬಿಸಿಲಿಂದಲೂ ಕಾಯುತ್ತದೆ.

ಬೆಂಗಳೂರಿನ ನೆಂಟರು "ಎಸಿ ಹಾಕಿದ್ರೆ ಸಾಕಬಹುದಲ್ವಾ?" ಅಂತ ಕೇಳುತ್ತಾರೆ. ಬೇಡ ಅಂತಲೇ ಹೇಳುತ್ತೇನೆ. ದಿನವಿಡೀ ಕೋಣೆಯಲ್ಲಿ ಕೂಡಿಹಾಕಿದರೆ ಎಳೆಯುವುದೆಲ್ಲಿ, ನಡೆಯುವುದೆಲ್ಲಿ? ಇಲ್ಲೇ ಜೂನ್‌ನಲ್ಲಿ 25 ಡಿಗ್ರಿ ಮುಟ್ಟಿದರೆ ಭೀಮ ನೆರಳಿನ ತಂಪು ಮಣ್ಣಲ್ಲಿ ಗುಂಡಿ ಮಾಡಿ ಬಿದ್ದುಕೊಳ್ಳುತ್ತಾನೆ. ಅಂಥ ದಿನ ಅವನನ್ನು ನಡೆಸಲು ಹೊರಡುವುದು ರಾತ್ರಿ ಹತ್ತರ ಮೇಲೇ.