ಯುದ್ಧ ಮುಗಿದ ಮರುದಿನ ಮೊದಲು ಏನು ಮಾಡಬೇಕು?

ಇಪ್ಪತ್ತೆಂಟು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದೆ. ಪ್ರತಿ ವರ್ಷವೂ ಮಕ್ಕಳ ಮುಂದೆ ಇದೇ ಪ್ರಶ್ನೆ ಇಡುತ್ತಿದ್ದೆ: "ನಿನ್ನೆ ಯುದ್ಧ ಮುಗಿದಿದೆ. ಸೋತ ದೇಶದ ಒಂದು ಪಟ್ಟಣ ನಿಮ್ಮ ಸೇನೆಯ ಕೈಯಲ್ಲಿದೆ. ನಾಳೆ ಬೆಳಿಗ್ಗೆ ಹೊರಡಿಸುವ ಮೊದಲ ಆದೇಶ ಯಾವುದು?" ಹೆಚ್ಚಿನವರು 'ಚುನಾವಣೆ' ಎಂದು ಬರೆಯುತ್ತಿದ್ದರು. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಒಂದೇ ಸಾಲು ಬರೆದಿದ್ದಳು: "ನೀರು ಬಿಡುವವನಿಗೆ ಈ ತಿಂಗಳ ಸಂಬಳ ಕೊಡಿ." ಹತ್ತಕ್ಕೆ ಹತ್ತು ಕೊಟ್ಟೆ. ಸೋತ ನಾಡನ್ನು ಮತ್ತೆ ಕಟ್ಟುವ ಈ ಕೆಲಸ ಕಲಿಯಬೇಕೆನ್ನುವವರಿಗೆ ನಾನು ಹೇಳುವುದೆಲ್ಲ ಆ ಸಾಲಿನಿಂದಲೇ ಶುರುವಾಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ರಜಾಪ್ರಭುತ್ವ ಬಿತ್ತಲೆಂದು ಇನ್ನೊಬ್ಬರ ನಾಡಿಗೆ ಸೈನ್ಯ ನುಗ್ಗಿಸುವುದು ಸರಿಯೆಂದು ನಾನು ಎಂದೂ ಒಪ್ಪಿದವನಲ್ಲ. ಆದರೆ ಯುದ್ಧ ಆಗಿಹೋದ ಮೇಲೆ ಅಲ್ಲಿನ ಜನ ಬದುಕಬೇಕಲ್ಲ. ಯುದ್ಧದ ನಡತೆಗೆಂದು ದೇಶಗಳು ಒಪ್ಪಿಕೊಂಡ 1907ರ ಹೇಗ್ ನಿಯಮಗಳ 43ನೇ ವಿಧಿಯ ಪ್ರಕಾರ, ಆಕ್ರಮಿತ ನೆಲದಲ್ಲಿ ಶಾಂತಿ ಸುವ್ಯವಸ್ಥೆ ಕಾಪಾಡುವುದು ಗೆದ್ದವನ ಹೊಣೆ. ತೀರಾ ಅಸಾಧ್ಯವಾದ ಹೊರತು ಅಲ್ಲಿನ ಕಾನೂನನ್ನೂ ಅವನು ಗೌರವಿಸಬೇಕು.

ಹಾಗಾಗಿ ಮೊದಲು ಕಾವಲು, ನೀರು, ಪಡಿತರ, ಸಂಬಳ. 2003ರ ಏಪ್ರಿಲ್‌ನಲ್ಲಿ ಅಮೆರಿಕದ ಸೇನೆ ಬಾಗ್ದಾದಿನೊಳಗೆ ಇದ್ದಾಗಲೇ ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಲೂಟಿಯಾಯಿತು. ಕಣ್ಣೆದುರಿನ ಕಳ್ಳನನ್ನೇ ತಡೆಯದವನು ನಾಳೆ ನ್ಯಾಯದ ಮಾತಾಡಿದರೆ ಯಾರು ಕೇಳುತ್ತಾರೆ?

ಎರಡನೆಯದು, ಹಳೆಯ ಆಡಳಿತದ ಜನರನ್ನು ಏನು ಮಾಡುವುದು ಎಂಬ ಪ್ರಶ್ನೆ. ಇಲ್ಲಿ ಅವಸರ ಬೇಡವೇ ಬೇಡ. ಇರಾಕಿನಲ್ಲಿ ಅಮೆರಿಕನ್ ಆಡಳಿತದ 2003ರ ಮೇ 16ರ ಆದೇಶ ಸದ್ದಾಂ ಹುಸೇನರ ಬಾತ್ ಪಕ್ಷದ ಮೇಲಿನ ನಾಲ್ಕು ಸ್ತರದವರನ್ನು ಸರ್ಕಾರಿ ಕೆಲಸದಿಂದ ತೆಗೆಯಿತು. ಶಾಲಾ ಮೇಷ್ಟ್ರುಗಳೂ ಮನೆಗೆ ಹೋದರು. ಒಂದು ವಾರದಲ್ಲಿ, ಮೇ 23ರಂದು, ಇಡೀ ಸೈನ್ಯವೇ ವಿಸರ್ಜನೆಯಾಯಿತು. ಬಂದೂಕು ಹಿಡಿಯಲು ಬಲ್ಲ ಲಕ್ಷಗಟ್ಟಲೆ ಗಂಡಸರು ಅನ್ನವೂ ಇಲ್ಲದೆ, ಮಾನವೂ ಇಲ್ಲದೆ ಬೀದಿಗೆ ಬಿದ್ದರು. ಎರಡನೇ ಮಹಾಯುದ್ಧದಲ್ಲಿ ಸೋತ ಜಪಾನಿನಲ್ಲಿ ನಡೆದದ್ದು ಬೇರೆ. ಅಲ್ಲೂ ಸೈನ್ಯ ಇಲ್ಲವಾಯಿತು, ಆದರೆ 1945ರ ಡಿಸೆಂಬರಿನಲ್ಲಿ ಸೇನಾ ಸಚಿವಾಲಯದ ಹೆಸರನ್ನೇ ಬದಲಿಸಿ, ಸೈನಿಕರನ್ನು ಬಿಡುಗಡೆ ಮಾಡಿ ಮನೆಗೆ ಕಳಿಸುವ ಸಚಿವಾಲಯವನ್ನಾಗಿ ಮಾಡಿದರು. ಯಾರ ಹೆಸರು ಯಾವ ದಂಡಿನಲ್ಲಿದೆ ಎಂದು ಗೊತ್ತಿದ್ದ ಗುಮಾಸ್ತರೇ ಆ ಕೆಲಸಕ್ಕೆ ಕುಳಿತರು.

ತಪ್ಪಿತಸ್ಥರನ್ನು ಬಿಟ್ಟುಬಿಡಿ ಎನ್ನುತ್ತಿಲ್ಲ. ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ವಿಚಾರಿಸಿ. ಅದೇ ಯುದ್ಧದಲ್ಲಿ ಸೋತ ಜರ್ಮನಿಯನ್ನು ಗೆದ್ದವರು ಹಂಚಿಕೊಂಡಾಗ ಅಮೆರಿಕದ ಪಾಲಿಗೆ ಬಂದ ವಲಯದಲ್ಲಿ, ನಾಜಿಗಳ ಜೊತೆಗಿನ ನಂಟು ತಿಳಿಯಲು 131 ಪ್ರಶ್ನೆಗಳ ನಮೂನೆ ತುಂಬಿಸಿದರು. 1946ರಲ್ಲಿ ವಿಚಾರಣೆಯನ್ನು ಜರ್ಮನ್ ಮಂಡಳಿಗಳಿಗೇ ಒಪ್ಪಿಸಿ, ಮುಖ್ಯ ಅಪರಾಧಿಯಿಂದ ನಿರ್ದೋಷಿಯವರೆಗೆ ಐದು ವರ್ಗ ಮಾಡಿದರು. ಎಷ್ಟೋ ಜನ ನುಣುಚಿಕೊಂಡರು. ಅದು ನನಗೆ ಇವತ್ತಿಗೂ ಸಂಕಟದ ವಿಷಯ. ಆದರೂ ಆ ದಾರಿಯಲ್ಲಿ ಇರಾಕಿನಂಥ ಕಿಚ್ಚು ಹತ್ತಲಿಲ್ಲ.

ಚುನಾವಣೆಯನ್ನು ಕೆಳಗಿನಿಂದ ಮಾಡಿ. ಅಮೆರಿಕನ್ ವಲಯದಲ್ಲಿ 1946ರ ಜನವರಿಯಲ್ಲಿ ಸಣ್ಣ ಊರುಗಳು ಮೊದಲು ಮತ ಹಾಕಿದವು, ವರ್ಷದ ಕೊನೆಗೆ ರಾಜ್ಯಗಳು. ಪಶ್ಚಿಮ ಜರ್ಮನಿಯ ಸಂಸತ್ತಿಗೆ ಮತದಾನವಾದದ್ದು 1949ರ ಆಗಸ್ಟ್ 14ರಂದು. ಚರಂಡಿಯ ವಿಷಯಕ್ಕೆ ಜಗಳವಾಡಿ, ಸೋತು, ಮರುದಿನ ಅದೇ ಮೇಜಿಗೆ ಬಂದು ಕೂರುವುದನ್ನು ಜನ ಕಲಿಯಲು ಅಷ್ಟು ಕಾಲ ಬೇಕು. ಬೋಸ್ನಿಯಾದಲ್ಲಿ ಯುದ್ಧ ನಿಲ್ಲಿಸುವ ಒಪ್ಪಂದಕ್ಕೆ ಸಹಿ ಬಿದ್ದದ್ದು 1995ರ ಡಿಸೆಂಬರಿನಲ್ಲಿ, ದೇಶಮಟ್ಟದ ಚುನಾವಣೆ 1996ರ ಸೆಪ್ಟೆಂಬರಿನಲ್ಲಿ. ಯುದ್ಧ ನಡೆಸಿದ ಪಕ್ಷಗಳೇ ಗೆದ್ದವು. ಇರಾಕಿನಲ್ಲಿ 2005ರ ಜನವರಿಯ ಚುನಾವಣೆಗೆ ಇಡೀ ದೇಶವನ್ನು ಒಂದೇ ಕ್ಷೇತ್ರ ಮಾಡಲಾಯಿತು. ಸುನ್ನಿಗಳು ಬಹಿಷ್ಕರಿಸಿದ ಕಡೆ ಅವರ ಪಾಲಿನ ಕುರ್ಚಿಗಳೇ ಉಳಿಯಲಿಲ್ಲ. ಸಂವಿಧಾನದ ಕರಡು ಆ ಸಭೆಯ ಕೈಗೇ ಹೋಯಿತು.

ಸಂವಿಧಾನದ ವಿಷಯಕ್ಕೆ ನಾನು ಮೂರು ತರಗತಿ ತೆಗೆದುಕೊಳ್ಳುತ್ತಿದ್ದೆ. 1946ರ ಫೆಬ್ರವರಿ, ಟೋಕಿಯೊ. ಜಪಾನ್ ಸರ್ಕಾರದ ಕರಡು ಹಳೆಯದರ ಮೇಲೆ ಸುಣ್ಣ ಬಳಿದಂತಿತ್ತು. ಅಲ್ಲಿನ ಆಡಳಿತ ಹೊತ್ತಿದ್ದ ಅಮೆರಿಕದ ಸೇನಾಪತಿ ಮೆಕಾರ್ಥರ್ ತಮ್ಮ ಸಿಬ್ಬಂದಿಗೇ ಬರೆಯಲು ಹೇಳಿದರು, ಒಂದು ವಾರದಲ್ಲಿ. ಆ ತಂಡದ ಬಿಯಾಟೆ ಸಿರೋಟಾಗೆ ಆಗ 22 ವರ್ಷ. ಟೋಕಿಯೊದಲ್ಲೇ ಬೆಳೆದವರು, ಅಲ್ಲಿನ ಹೆಂಗಸರ ಪಾಡು ಕಂಡವರು. ಜೀಪು ಹತ್ತಿ ಗ್ರಂಥಾಲಯದಿಂದ ಗ್ರಂಥಾಲಯಕ್ಕೆ ಅಲೆದು ಬೇರೆ ದೇಶಗಳ ಸಂವಿಧಾನಗಳನ್ನು ತಂದರು. ಮದುವೆಗೆ ಗಂಡು ಹೆಣ್ಣಿನ ಒಪ್ಪಿಗೆಯೇ ಆಧಾರ ಎನ್ನುವ 24ನೇ ವಿಧಿ ಅವರ ಬರಹದಿಂದ ಬಂದದ್ದು.

ಹೊರಗಿನವರು ಬರೆದದ್ದು ಉಳಿದೀತೇ? ಅಲ್ಲಿ ಉಳಿಯಿತು, ಇವತ್ತಿನವರೆಗೂ ತಿದ್ದುಪಡಿಯಿಲ್ಲ. ಕಾರಣ ಹುಡುಕುವಾಗ ನಾನು ಅಲ್ಲಿನವರ ಕೈಬರಹ ಹುಡುಕುತ್ತೇನೆ. ಒಂದೇ ಸದನವಿದ್ದ ಕರಡನ್ನು ಅವರು ಎರಡು ಸದನಕ್ಕೆ ಬದಲಿಸಿದರು. ಎಲ್ಲರಿಗೂ ಕನಿಷ್ಠ ಮಟ್ಟದ ಆರೋಗ್ಯಕರ ಬದುಕಿನ ಹಕ್ಕು ಕೊಡುವ ಮಾತನ್ನು 25ನೇ ವಿಧಿಗೆ ಸೇರಿಸಿದವರು ಅವರ ಸಂಸದರೇ. ಭಾಷೆಯೂ ಬದಲಾಯಿತು: ಹಳಗನ್ನಡದಂಥ ಗ್ರಾಂಥಿಕ ಶೈಲಿ ಬಿಟ್ಟು ಆಡುಮಾತಿಗೆ ಹತ್ತಿರದ ಜಪಾನಿಯಲ್ಲಿ ಬರೆದರು. 1946ರ ಏಪ್ರಿಲ್ 10ರಂದು ಮೊದಲ ಸಲ ಮತ ಹಾಕಿದ ಹೆಂಗಸರು 39 ಮಹಿಳೆಯರು ಗೆದ್ದದ್ದನ್ನೂ ಕಂಡಿದ್ದರು. ಆದ್ದರಿಂದ ನಿಮ್ಮ ಕರಡಿನ ಅಂಚಿನಲ್ಲಿ ಜಾಗ ಬಿಡಿ, ಅಲ್ಲಿನವರು ಗೀಚಿದ್ದನ್ನು ಒಪ್ಪಿಕೊಳ್ಳಿ. ಜರ್ಮನ್ ನಾಯಕರು ದೇಶ ಒಡೆದಿರುವಾಗ 'ಸಂವಿಧಾನ' ಎಂಬ ಪದವೇ ಬೇಡ, 'ಮೂಲ ಕಾನೂನು' ಎನ್ನೋಣ ಎಂದು ಹಟ ಹಿಡಿದರು. ಮಿತ್ರರಾಷ್ಟ್ರಗಳು ಮಣಿದವು.

ಜಮೀನನ್ನು ಮರೆಯಬೇಡಿ. ಜಪಾನಿನ ಸಾಗುವಳಿ ನೆಲದಲ್ಲಿ ಹತ್ತಿರ ಹತ್ತಿರ ಅರ್ಧ ಗೇಣಿಯದಾಗಿತ್ತು. ಸುಧಾರಣೆಯ ನಂತರ ಸುಮಾರು ಹತ್ತನೇ ಒಂದು ಪಾಲಿಗೆ ಇಳಿಯಿತು. ಉಳುವವನೇ ಹೊಲದೊಡೆಯನಾದಾಗ ಅವನ ಮತ ಧಣಿಯ ಜೇಬಿನಲ್ಲಿ ಇರುವುದಿಲ್ಲ.

ಕೊನೆಗೆ, ಹೊರಡುವ ದಿನಾಂಕ. ಅದರ ಜೊತೆಗೆ ಬಿಟ್ಟುಕೊಡಬೇಕಾದ್ದರ ಪಟ್ಟಿಯನ್ನೂ ಬರೆದಿಡಿ: ರೇಡಿಯೊ ಕೇಂದ್ರ, ಜೈಲಿನ ಬೀಗದಕೈ, ಬಂದರು, ವಿಮಾನ ನಿಲ್ದಾಣ, ಕಡತಗಳು. ಜಪಾನ್ ಮಿತ್ರರಾಷ್ಟ್ರಗಳ ಹಿಡಿತದಲ್ಲಿದ್ದ ಅವಧಿ ಮುಗಿದದ್ದು 1952ರ ಏಪ್ರಿಲ್ 28ಕ್ಕೆ. ದಕ್ಷಿಣದ ಒಕಿನಾವಾ ದ್ವೀಪ ಆ ದಿನಾಂಕದೊಳಗೆ ಬರಲಿಲ್ಲ. ಅಲ್ಲಿನವರು 1972ರ ಮೇ 15ರವರೆಗೆ ಕಾದರು. ಆಮೇಲೂ ಅವರ ರಸ್ತೆಗಳಲ್ಲಿ ವಾಹನಗಳು ಅಮೆರಿಕದಂತೆ ಬಲಬದಿಯಲ್ಲೇ ಓಡುತ್ತಿದ್ದವು. ಉಳಿದ ಜಪಾನಿನಂತೆ ಎಡಕ್ಕೆ ಬಂದದ್ದು 1978ರ ಜುಲೈ 30ರ ಬೆಳಿಗ್ಗೆ.