ಐವತ್ತನೇ ಹೆದ್ದಾರಿಯಲ್ಲಿ ಅಮೆರಿಕವನ್ನು ನಿಧಾನವಾಗಿ ದಾಟಿದ್ದು

ಅಮೆರಿಕದ ಪೂರ್ವ ಕರಾವಳಿಯಿಂದ ಪಶ್ಚಿಮಕ್ಕೆ ಹೋಗಬೇಕಾದವರು ಸಾಮಾನ್ಯವಾಗಿ 70 ಅಥವಾ 80ನೇ ಅಂತರರಾಜ್ಯ ಹೆದ್ದಾರಿಯನ್ನು ಹಿಡಿಯುತ್ತಾರೆ. ನಾನೂ ನನ್ನ ಪತ್ನಿಯೂ ನಿವೃತ್ತಿಯ ನಂತರ, ಮಲಗಲೂ ಅಡುಗೆಗೂ ಒಳಗೇ ಅನುಕೂಲವಿರುವ ಕ್ಯಾಂಪರ್ ವ್ಯಾನಿನಲ್ಲಿ ಹೊರಟಾಗ ಯು.ಎಸ್. 50 ಎಂಬ ಹಳೆಯ ರಸ್ತೆಯನ್ನು ಆರಿಸಿಕೊಂಡೆವು. 1926ರಲ್ಲಿ ರಾಷ್ಟ್ರೀಯ ರಸ್ತೆಗಳಿಗೆ ಸಂಖ್ಯೆ ಕೊಟ್ಟಾಗ ಹುಟ್ಟಿದ ಈ ಹೆದ್ದಾರಿ ಮೇರಿಲ್ಯಾಂಡಿನ ಓಷನ್ ಸಿಟಿಯಲ್ಲಿ ಅಟ್ಲಾಂಟಿಕ್ ಅಂಚಿನಿಂದ ಹೊರಟು, ಹನ್ನೆರಡು ರಾಜ್ಯಗಳನ್ನೂ ರಾಜಧಾನಿ ವಾಷಿಂಗ್ಟನ್ನನ್ನೂ ಹಾದು, ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಬಳಿ ಮುಗಿಯುತ್ತದೆ. ಉದ್ದ ಮೂರು ಸಾವಿರ ಮೈಲಿಗೂ ಸ್ವಲ್ಪ ಹೆಚ್ಚು. ಇದು ಅನೇಕ ಕಡೆ ಊರಿನ ಮುಖ್ಯ ಬೀದಿಯೇ ಆಗಿ, ಶಾಲೆ, ನ್ಯಾಯಾಲಯ, ಧಾನ್ಯದ ಗೋದಾಮುಗಳ ಮುಂದೆ ಸಾಗುವುದರಿಂದ ವೇಗವಾಗಿ ಹೋಗಬೇಕೆಂದರೂ ಬಿಡುವುದಿಲ್ಲ. ನಮಗೆ ಬೇಕಾಗಿದ್ದದ್ದೂ ಅದೇ.

ಇಂಥ ಪ್ರಯಾಣ ಮಾಡಬೇಕೆನ್ನುವ ಗೆಳೆಯರು ಮೊದಲು ಕೇಳುವುದು ದಿನಕ್ಕೆ ಎಷ್ಟು ಮೈಲಿ ಓಡಿಸಿದಿರಿ ಎಂದು. ನನ್ನ ಅನುಭವದಲ್ಲಿ ಅದು ಎರಡನೆಯ ಪ್ರಶ್ನೆ. ಓಡುತ್ತಿರುವಾಗ ವ್ಯಾನ್ ತನ್ನನ್ನು ತಾನೇ ನೋಡಿಕೊಳ್ಳುತ್ತದೆ. ಎಂಜಿನ್ ಬ್ಯಾಟರಿಯನ್ನು ತುಂಬುತ್ತದೆ, ದಾರಿಯಲ್ಲಿ ನೀರೂ ಶೌಚಾಲಯವೂ ಸಿಗುತ್ತವೆ. ಒಂದೇ ಜಾಗದಲ್ಲಿ ಮೂರು ರಾತ್ರಿ ನಿಲ್ಲುವುದಕ್ಕೇ ಸಿದ್ಧತೆ ಬೇಕು. ನೀರು, ವಿದ್ಯುತ್ತು, ಬಳಸಿದ ನೀರಿನ ಟ್ಯಾಂಕು, ಶೌಚದ ಪೆಟ್ಟಿಗೆ, ಈ ನಾಲ್ಕರಲ್ಲಿ ಮೊದಲು ಯಾವುದು ಮುಗಿಯುತ್ತದೋ ಅಥವಾ ತುಂಬುತ್ತದೋ ಅದೇ ನಮ್ಮ ಬಿಡುವಿನ ಮಿತಿ. ಆದ್ದರಿಂದ ನಾನು ವ್ಯಾನನ್ನು ಆರಿಸುವಾಗ ಎಂಜಿನ್ನಿನ ಶಕ್ತಿಗಿಂತ ಹೆಚ್ಚಾಗಿ ಈ ನಾಲ್ಕನ್ನು ನೋಡಿದೆ.

ನಮ್ಮದು ಎತ್ತರದ ಮಾಡಿನ ಫೋರ್ಡ್ ಟ್ರಾನ್ಸಿಟ್. ಒಬ್ಬರು ಬಳಸಿ ಮಾರಿದ್ದನ್ನು ಕೊಂಡದ್ದು. ಉದ್ದ ಇಪ್ಪತ್ತು ಅಡಿಯ ಒಳಗೆ, ಎತ್ತರ ಮೇಲಿನ ಫ್ಯಾನ್ ಸೇರಿ ಒಂಬತ್ತೂವರೆ ಅಡಿಗಿಂತ ಸ್ವಲ್ಪ ಹೆಚ್ಚು. ಈ ಎರಡು ಸಂಖ್ಯೆಗಳನ್ನು ಚೀಟಿಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದು ಸ್ಟೇರಿಂಗಿನ ಪಕ್ಕ ಅಂಟಿಸಿದ್ದೆ, ಏಕೆಂದರೆ ನಗರದ ಬಹುಮಹಡಿ ಪಾರ್ಕಿಂಗ್ ಕಟ್ಟಡಗಳ ಬಾಗಿಲು ಏಳು ಅಡಿಯ ಆಸುಪಾಸಿನಲ್ಲಿರುತ್ತದೆ. ಒಳಗೆ 25 ಗ್ಯಾಲನ್, ಅಂದರೆ ಸುಮಾರು 95 ಲೀಟರ್ ನೀರಿನ ಟ್ಯಾಂಕು. ಪಾತ್ರೆಯನ್ನು ಮೊದಲು ಕಾಗದದಿಂದ ಒರೆಸಿ ಆಮೇಲೆ ತೊಳೆಯುವ, ಸ್ನಾನವನ್ನು ಒಂದು ಚೊಂಬಿನ ಲೆಕ್ಕದಲ್ಲಿ ಮುಗಿಸುವ ಅಭ್ಯಾಸವಿದ್ದರೆ ಇಬ್ಬರಿಗೆ ಅದು ಮೂರು ನಾಲ್ಕು ದಿನ ಬರುತ್ತದೆ. ಹೊರಡುವ ಮೊದಲು ನೀರು, ಇಂಧನ, ಸಾಮಾನು ಎಲ್ಲವನ್ನೂ ತುಂಬಿಕೊಂಡು, ಲಾರಿಗಳು ನಿಲ್ಲುವ ತಾಣದ ತೂಕದ ಸೇತುವೆಯ ಮೇಲೆ ವ್ಯಾನನ್ನು ತೂಗಿಸಿದೆ. ಬಾಗಿಲಿನ ಅಂಚಿನ ಚೀಟಿಯಲ್ಲಿ ಬರೆದಿರುವ ಗರಿಷ್ಠ ತೂಕವನ್ನು ಮೀರಿದರೆ ಬ್ರೇಕಿಗೂ ಟೈರಿಗೂ ಹೊರೆ. ಮುಂದೆ ಬೆಟ್ಟಗಳಿವೆ ಎಂದು ಗೊತ್ತಿರುವಾಗ ಈ ಕೆಲವು ಡಾಲರುಗಳನ್ನು ಉಳಿಸಬಾರದು.

ವಿದ್ಯುತ್ತಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಬಹುಪಾಲು ಜನ ಗೊಂದಲಕ್ಕೀಡಾಗುವುದು ಇಲ್ಲಿಯೇ. 12 ವೋಲ್ಟಿನ 200 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿಯಲ್ಲಿ ಸುಮಾರು ಎರಡೂವರೆ ಯೂನಿಟ್ ಹಿಡಿಯುತ್ತದೆ. ಸಣ್ಣ ಫ್ರಿಜ್ ದಿನಕ್ಕೆ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು ತಿನ್ನುತ್ತದೆ. ದೀಪ, ಫ್ಯಾನ್, ಫೋನುಗಳದ್ದು ಅಲ್ಪ. ಮಾಡಿನ ಮೇಲಿನ 300 ವ್ಯಾಟ್ ಸೌರಫಲಕ ಸೆಪ್ಟೆಂಬರಿನ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಒಂದು ಯೂನಿಟ್ ಮೀರಿ ಕೊಡುತ್ತದೆ. ಆದರೆ ವೆಸ್ಟ್ ವರ್ಜೀನಿಯಾದ ಕಾಡಿನ ನೆರಳಿನಲ್ಲಿ ಅದೇ ಫಲಕ ಹೆಸರಿಗಷ್ಟೇ ಇರುತ್ತದೆ. ಅಲ್ಲಿ ಆಸರೆಯಾಗುವುದು ಎಂಜಿನ್ನಿನ ಆಲ್ಟರ್ನೇಟರಿನಿಂದ ಬ್ಯಾಟರಿ ತುಂಬುವ 40 ಆಂಪಿಯರಿನ ಚಾರ್ಜರ್. ಎರಡು ಮೂರು ಗಂಟೆ ಓಡಿಸಿದರೆ ಒಂದು ಯೂನಿಟ್ಟಿಗೆ ಮೋಸವಿಲ್ಲ. ಹೀಗಾಗಿ ಪೂರ್ವದ ಮರಗಳ ನಡುವೆ ಎರಡು ರಾತ್ರಿ, ಪಶ್ಚಿಮದ ಬಯಲಿನಲ್ಲಿ ಮೂರು ನಾಲ್ಕು ರಾತ್ರಿ ಎಂಬ ಕ್ರಮ ತಾನಾಗಿ ಏರ್ಪಟ್ಟಿತು.

ಅಡುಗೆಯನ್ನು ನಾವು ಎರಡು ಉರಿಯ ಪ್ರೊಪೇನ್ ಒಲೆಯ ಮೇಲೆ, ಮೂರು ಲೀಟರಿನ ಒಂದು ಕುಕ್ಕರಿನಲ್ಲಿ ನಡೆಸಿದೆವು. ಕುಕ್ಕರ್ ಒಯ್ಯಿರಿ ಎಂದು ನಾನು ಒತ್ತಿ ಹೇಳುತ್ತೇನೆ, ಅದು ಅಭ್ಯಾಸಬಲದಿಂದಷ್ಟೇ ಅಲ್ಲ. ಹತ್ತು ಸಾವಿರ ಅಡಿಯ ಎತ್ತರದಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಎಷ್ಟು ಹೊತ್ತಾದರೂ ಕರಗುವುದಿಲ್ಲ, ಅನಿಲ ಮಾತ್ರ ಮುಗಿಯುತ್ತದೆ. ಒಗ್ಗರಣೆಯನ್ನು ವ್ಯಾನಿನ ಹೊರಗೆ, ಮಡಿಚುವ ಮೇಜಿನ ಮೇಲೆ ಸಣ್ಣ ಒಲೆ ಇಟ್ಟು ಹಾಕುವುದೆಂದು ನನ್ನ ಪತ್ನಿ ಮೊದಲ ದಿನವೇ ನಿಯಮ ಮಾಡಿದಳು. ಮೆಣಸಿನಕಾಯಿಯ ಘಾಟು ಹಾಸಿಗೆಗೆ ಹತ್ತಿದರೆ ಎಷ್ಟು ರಾಜ್ಯ ದಾಟಿದರೂ ಬಿಡುವುದಿಲ್ಲ. ಒಳಗೆ ಬೇಯಿಸುವಾಗ ಮಾಡಿನ ಫ್ಯಾನ್ ಓಡಿಸಿ, ಎದುರಿನ ಕಿಟಕಿಯನ್ನು ತೆರೆದಿಡಬೇಕು. ಇಲ್ಲವಾದರೆ ಆವಿ ತಗಡಿನ ಗೋಡೆಯ ಮೇಲೆ ನೀರಾಗಿ ಇಳಿಯುತ್ತದೆ. ಕಾರ್ಬನ್ ಮಾನಾಕ್ಸೈಡಿನ ಎಚ್ಚರಿಕೆ ಗಂಟೆ ಇಲ್ಲದ ವ್ಯಾನಿನಲ್ಲಿ ಮಲಗುವುದು ಬೇಡ. ಅಕ್ಕಿ, ಬೇಳೆ, ಹುರಿದ ರವೆ, ಅವಲಕ್ಕಿ, ಸಾರಿನ ಪುಡಿ, ಪುಳಿಯೋಗರೆ ಗೊಜ್ಜು ಇವನ್ನು ಮನೆಯಿಂದಲೇ ತಂದಿದ್ದೆವು. ಸಿನ್ಸಿನಾಟಿ, ಸೇಂಟ್ ಲೂಯಿಸ್, ಕಾನ್ಸಾಸ್ ಸಿಟಿಗಳಲ್ಲಿ ಭಾರತೀಯ ಅಂಗಡಿಗಳಿವೆ. ಅಲ್ಲಿಂದ ಮುಂದೆ ಈ ದಾರಿಯಲ್ಲಿ ಅಂಥ ಅಂಗಡಿಯ ಭರವಸೆ ಇಟ್ಟುಕೊಳ್ಳದೆ ಸಾಮಾನು ತುಂಬಿಕೊಂಡೆವು. ಮೊಸರಿಗೆ ಹೆಪ್ಪು ಹಾಕುವುದು ವ್ಯಾನ್ ನಿಂತ ಮೇಲೆಯೇ.

ಕ್ಯಾಂಪರ್ ಪ್ರಯಾಣಿಕರಲ್ಲಿ ಮೂರು ಮೂರರ ನಿಯಮವೊಂದು ಬಳಕೆಯಲ್ಲಿದೆ: ದಿನಕ್ಕೆ ಮುನ್ನೂರು ಮೈಲಿ ಮೀರಬಾರದು, ಮಧ್ಯಾಹ್ನ ಮೂರರೊಳಗೆ ತಂಗುವ ಜಾಗ ಸೇರಬೇಕು, ಮೂರು ರಾತ್ರಿ ಅಲ್ಲಿರಬೇಕು. ನಮ್ಮ ವಯಸ್ಸಿಗೆ ಮುನ್ನೂರು ಹೆಚ್ಚಾಯಿತೆಂದು ನೂರೈವತ್ತಕ್ಕೆ ಇಳಿಸಿದೆವು. ಉಳಿದ ಎರಡರಲ್ಲಿ ಹಗಲಿನಲ್ಲೇ ಜಾಗ ಸೇರುವುದು ಹೆಚ್ಚು ಮುಖ್ಯ. ನೆಲ ಸಮತಟ್ಟಾಗಿದೆಯೇ, ಮೇಲೆ ಒಣಗಿದ ಕೊಂಬೆಗಳಿವೆಯೇ, ಮಳೆ ಬಂದರೆ ನೀರು ಎತ್ತ ಹರಿಯುತ್ತದೆ ಎಂಬುದನ್ನು ಕತ್ತಲೆಯಲ್ಲಿ ನೋಡಲಾಗದು.

ಪೂರ್ವ ಭಾಗದಲ್ಲಿ ಬಹಳ ದಿನ ಕಳೆಯುವ ಆಸೆ ನನಗಿರಲಿಲ್ಲ. ಚೆಸಪೀಕ್ ಕೊಲ್ಲಿಯ ಮೇಲಿನ ನಾಲ್ಕು ಮೈಲಿಗೂ ಮೀರಿದ ಸೇತುವೆಯನ್ನು ಗಾಳಿಯಿಲ್ಲದ ಬೆಳಗ್ಗೆ ದಾಟಿದೆವು, ಏಕೆಂದರೆ ಗಾಳಿ ಜೋರಾದಾಗ ಅಲ್ಲಿ ಎತ್ತರದ ವಾಹನಗಳಿಗೆ ನಿರ್ಬಂಧ ಬರುತ್ತದೆ. ವೆಸ್ಟ್ ವರ್ಜೀನಿಯಾದ ತಿರುವುಗಳಲ್ಲಿ ಮೈಲಿಗಳು ನಿಧಾನವಾಗಿ ಸವೆದವು. ಓಹಾಯೋದ ಚಿಲಿಕಾಥಿಯಲ್ಲಿ ಮಾತ್ರ ನಿಂತದ್ದು ಸಾರ್ಥಕವಾಯಿತು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಹೋಪ್‌ವೆಲ್ ಸಂಸ್ಕೃತಿಯ ಜನರು ಕಟ್ಟಿದ ಮಣ್ಣಿನ ದಿಬ್ಬಗಳು ಅಲ್ಲಿವೆ. 2023ರಲ್ಲಿ ಯುನೆಸ್ಕೊ ಅವುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ.

ರಾತ್ರಿ ತಂಗಲು ನನಗೆ ಅತ್ಯಂತ ಹಿಡಿಸಿದ್ದು ಸೇನೆಯ ಎಂಜಿನಿಯರುಗಳ ದಳ ಕಟ್ಟಿರುವ ಜಲಾಶಯಗಳ ದಡದ ಕ್ಯಾಂಪ್ ಮೈದಾನಗಳು. ಇಲಿನಾಯ್ ರಾಜ್ಯದಲ್ಲಿ ಹೆದ್ದಾರಿಗೆ ಅಂಟಿಕೊಂಡಂತಿರುವ ಕಾರ್ಲೈಲ್ ಸರೋವರ ಅಂಥದ್ದು. 62 ವರ್ಷ ದಾಟಿದ ನಾಗರಿಕರಿಗೂ ಕಾಯಂ ನಿವಾಸಿಗಳಿಗೂ ಸಿಗುವ ಹಿರಿಯರ ಪಾಸ್ ಇದ್ದರೆ ಅಲ್ಲಿ ಬಾಡಿಗೆ ಅರ್ಧವಾಗುತ್ತದೆ, ವಿದ್ಯುತ್ ಸಂಪರ್ಕವಿರುತ್ತದೆ, ಬಿಸಿನೀರಿನ ಸ್ನಾನಗೃಹವಿರುತ್ತದೆ, ಹೊರಡುವಾಗ ಬಳಸಿದ ನೀರಿನ ಟ್ಯಾಂಕನ್ನೂ ಶೌಚದ ಪೆಟ್ಟಿಗೆಯನ್ನೂ ಅದಕ್ಕೆಂದೇ ಇರುವ ಡಂಪ್ ಸ್ಟೇಷನ್ನಿನಲ್ಲಿ ಖಾಲಿ ಮಾಡಬಹುದು. ಅಂಗಡಿಗಳ ಪಾರ್ಕಿಂಗ್ ಜಾಗದಲ್ಲಿ ಮಲಗುವುದನ್ನು ಕೆಲವರು ಮೆಚ್ಚುತ್ತಾರೆ. ಅನುಮತಿ ಕೇಳಿ ಒಂದೆರಡು ರಾತ್ರಿ ನಾವೂ ಮಲಗಿದೆವು. ಅದು ನಿದ್ರೆಗೆ ಸಾಕು, ಬಿಡುವಿಗೆ ಸಾಲದು.

ಕಾನ್ಸಾಸ್ ರಾಜ್ಯ ಬರೀ ಚಪ್ಪಟೆ, ಬೇಗ ದಾಟಿಬಿಡಿ ಎಂದು ಎಲ್ಲರೂ ಹೇಳಿದ್ದರು. ಸ್ಟ್ರಾಂಗ್ ಸಿಟಿಯ ಬಳಿಯ ಎತ್ತರದ ಹುಲ್ಲುಗಾವಲಿನ ರಾಷ್ಟ್ರೀಯ ಸಂರಕ್ಷಿತ ಪ್ರದೇಶವನ್ನು ನೋಡದವರ ಮಾತು ಅದು. ಒಂದು ಕಾಲಕ್ಕೆ ಖಂಡದ ನಡುವೆ ಹಬ್ಬಿದ್ದ ಈ ಬಗೆಯ ಹುಲ್ಲುಗಾವಲಿನಲ್ಲಿ ಈಗ ಉಳಿದಿರುವುದು ನೂರಕ್ಕೆ ನಾಲ್ಕು ಪಾಲಿಗಿಂತ ಕಡಿಮೆ. ಸೆಪ್ಟೆಂಬರಿನಲ್ಲಿ ಹುಲ್ಲು ಎದೆಯೆತ್ತರಕ್ಕೆ ಬೆಳೆದು ಕೆಂಪಡರಿ, ಗಾಳಿಗೆ ಮಲೆನಾಡಿನ ಬಲಿತ ಭತ್ತದ ಗದ್ದೆಯಂತೆ ಹೊರಳುತ್ತಿತ್ತು. ನಡುವೆ ಕಾಡೆಮ್ಮೆಗಳಂಥ ಬೈಸನ್ನುಗಳು. ಅದೇ ಗಾಳಿ ರಸ್ತೆಯಲ್ಲಿ ವ್ಯಾನನ್ನು ಪಕ್ಕಕ್ಕೆ ತಳ್ಳುತ್ತದೆ. ಎದುರಿನಿಂದ ಲಾರಿ ಬಂದು ಹಾದುಹೋಗುವ ಕ್ಷಣದಲ್ಲಿ ಗಾಳಿ ತಡೆದು ಮತ್ತೆ ಹೊಡೆಯುವುದರಿಂದ ಎರಡೂ ಕೈ ಸ್ಟೇರಿಂಗಿನ ಮೇಲಿರಬೇಕು, ವೇಗ 55 ಮೈಲಿಗೆ ಇಳಿದಿರಬೇಕು. ಗಾಳಿಯ ಮುನ್ಸೂಚನೆ ಕೆಟ್ಟದಾಗಿದ್ದ ದಿನ ನಾವು ಹೊರಡಲೇ ಇಲ್ಲ; ಗಡುವಿಲ್ಲದ ಪ್ರಯಾಣಕ್ಕೆ ಇರುವ ದೊಡ್ಡ ಅನುಕೂಲ ಇದೇ.

ಕೊಲೊರಾಡೊದ ಮೊನಾರ್ಕ್ ಪಾಸ್ ಈ ಹೆದ್ದಾರಿಯ ನೆತ್ತಿ. 11,312 ಅಡಿ ಎತ್ತರದ ಆ ಕಣಿವೆದಾರಿಯಲ್ಲಿ ಬಿದ್ದ ಮಳೆ ಒಂದು ಕಡೆ ಅಟ್ಲಾಂಟಿಕ್ಕಿನತ್ತ, ಇನ್ನೊಂದು ಕಡೆ ಪೆಸಿಫಿಕ್ಕಿನತ್ತ ಹರಿಯುತ್ತದೆ. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ: ಗೇರನ್ನು ಮೊದಲೇ ಇಳಿಸಿ ಎಂಜಿನ್ನಿಗೇ ತಡೆಯುವ ಕೆಲಸ ಕೊಟ್ಟು, ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಬೇಕು, ಹಿಂದೆ ಬಂದವರಿಗೆ ದಾರಿ ಬಿಡಲು ಅಗಲವಾದ ಕಡೆ ಪಕ್ಕಕ್ಕೆ ನಿಲ್ಲಬೇಕು. ಇದೇ ಕಾರಣಕ್ಕೆ ನಾವು ಆಗಸ್ಟ್ ಕೊನೆಯಲ್ಲಿ ಹೊರಟದ್ದು. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಇಲ್ಲಿ ಆಸ್ಪೆನ್ ಮರಗಳು ಹಳದಿಯಾಗಿರುತ್ತವೆ, ಅಕ್ಟೋಬರಿನಲ್ಲಿ ಹಿಮ ಬೀಳಬಹುದು.

ಯೂಟಾದ ಗ್ರೀನ್ ರಿವರ್ ಊರಿನಿಂದ ಸಲೈನಾವರೆಗೆ ಸುಮಾರು 110 ಮೈಲಿ ಪೆಟ್ರೋಲ್ ಬಂಕಾಗಲಿ ಅಂಗಡಿಯಾಗಲಿ ಇಲ್ಲ. ನೆವಾಡದಲ್ಲಿ ಅಂಥ ಖಾಲಿತನವೇ ನಿಯಮ. ಈಲೀ, ಯುರೇಕಾ, ಆಸ್ಟಿನ್, ಫ್ಯಾಲನ್ ಎಂಬ ಊರುಗಳ ನಡುವೆ ಕ್ರಮವಾಗಿ ಸುಮಾರು 77, 70, 110 ಮೈಲಿಗಳ ಅಂತರ. 1986ರಲ್ಲಿ ಲೈಫ್ ಪತ್ರಿಕೆ ಇದನ್ನು ಅಮೆರಿಕದ ಅತ್ಯಂತ ಒಂಟಿ ರಸ್ತೆ ಎಂದು ಹೀಗಳೆದದ್ದೇ ರಾಜ್ಯದ ಪ್ರವಾಸೋದ್ಯಮಕ್ಕೆ ಬಂಡವಾಳವಾಗಿ, ಈಗ ಊರೂರಿನಲ್ಲಿ ಮುದ್ರೆ ಒತ್ತಿಸಿಕೊಳ್ಳುವ ಪುಸ್ತಿಕೆ ಕೊಡುತ್ತಾರೆ. ಇಂಧನ ಅರ್ಧಕ್ಕಿಳಿದಾಗ ತುಂಬಿಸುವುದು, ನಕ್ಷೆಗಳನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳುವುದು, ಹತ್ತು ಲೀಟರ್ ಕುಡಿಯುವ ನೀರನ್ನು ಬೇರೆ ಡಬ್ಬಿಯಲ್ಲಿಡುವುದು ಇಲ್ಲಿ ಕಡ್ಡಾಯ. ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನದ ವೀಲರ್ ಶಿಖರದ ರಸ್ತೆಯ ಮೇಲ್ಭಾಗಕ್ಕೆ 24 ಅಡಿ ಮೀರಿದ ವಾಹನಗಳನ್ನು ಬಿಡುವುದಿಲ್ಲ. ನಮ್ಮ ಚಿಕ್ಕ ವ್ಯಾನಿಗೆ ಆ ತೊಂದರೆ ಇರಲಿಲ್ಲ. ಮೇಲೆ ಬ್ರಿಸಲ್‌ಕೋನ್ ಪೈನ್ ಮರಗಳಿವೆ. ಸುಮಾರು 4,900 ವರ್ಷ ವಯಸ್ಸಿನ ಒಂದನ್ನು 1964ರಲ್ಲಿ ಸಂಶೋಧನೆಗೆಂದು ಕಡಿದುಹಾಕಿದ ಕಥೆಯನ್ನು ಓದಿ ನನ್ನ ಪತ್ನಿ ಆ ದಿನವಿಡೀ ಸಿಟ್ಟಾಗಿದ್ದಳು. ಸಂಯುಕ್ತ ಸರ್ಕಾರದ ಭೂ ನಿರ್ವಹಣಾ ಇಲಾಖೆಯ ಬಯಲುಗಳಲ್ಲಿ ಸಾಮಾನ್ಯವಾಗಿ ಹದಿನಾಲ್ಕು ದಿನ ಬಾಡಿಗೆಯಿಲ್ಲದೆ ತಂಗಬಹುದು. ನೀರು, ಶೌಚಾಲಯ, ಕಸದ ತೊಟ್ಟಿ ಯಾವುದೂ ಇರುವುದಿಲ್ಲವಾದ್ದರಿಂದ ಹದಿನಾಲ್ಕು ದಿನದ ಹಕ್ಕಿದ್ದರೂ ನಮ್ಮ ಟ್ಯಾಂಕು ನಾಲ್ಕನೆಯ ದಿನ ಏಳಿಸುತ್ತಿತ್ತು.

ಕ್ಯಾಲಿಫೋರ್ನಿಯಾ ಪ್ರವೇಶಿಸಿದ ಮೇಲೆ, ಟಾಹೋ ಸರೋವರದ ಆಚೆ ಮೇಯರ್ಸ್ ಎಂಬಲ್ಲಿ ಕೃಷಿ ತಪಾಸಣಾ ಠಾಣೆಯಿದೆ. ಕಿತ್ತಳೆ ಜಾತಿಯ ಬೆಳೆಗೆ ರೋಗ ಹರಡುವ ಕೀಟ ಕರಿಬೇವಿನ ಮೇಲೂ ಬದುಕುವುದರಿಂದ ಹಸಿ ಕರಿಬೇವನ್ನೂ ನಿಂಬೆಯನ್ನೂ ಒಳಗೆ ಒಯ್ಯುವಂತಿಲ್ಲವೆಂದು ತಿಳಿದಿದ್ದ ನಾವು, ಫ್ಯಾಲನ್ನಿನ ಆಚೆಯ ಬಯಲಿನಲ್ಲಿ ಉಳಿದಿದ್ದ ಎಲ್ಲವನ್ನೂ ಚಿತ್ರಾನ್ನಕ್ಕೆ ಹಾಕಿ ಮುಗಿಸಿದ್ದೆವು. ಟಾಹೋದ ಸುತ್ತ ಕರಡಿಗಳು ವಾಹನದ ಬಾಗಿಲು ಕೀಳುವಷ್ಟು ಪಳಗಿರುವುದರಿಂದ ಕ್ಯಾಂಪ್ ಮೈದಾನದ ಕಬ್ಬಿಣದ ಪೆಟ್ಟಿಗೆಯಲ್ಲೇ ಆಹಾರ ಇಟ್ಟೆವು. ಅಕ್ಟೋಬರ್ ನಡುವಿನಲ್ಲಿ ಸ್ಯಾಕ್ರಮೆಂಟೊಗೆ ಇಳಿದ ಮೇಲೆ ಹಿಂದಿರುಗುವ ದಾರಿಯಾಗಿ ದಕ್ಷಿಣದ 40ನೇ ಅಂತರರಾಜ್ಯ ಹೆದ್ದಾರಿಯನ್ನು ಆರಿಸಿದೆವು. ನಮ್ಮ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ತುಂಬಿಸುವಂತಿಲ್ಲ, ಕೊಳವೆಯಲ್ಲಿ ನೀರು ಹೆಪ್ಪುಗಟ್ಟಿದರೆ ಪಂಪು ಒಡೆಯುತ್ತದೆ. ಬಂದ ದಾರಿಯಲ್ಲೇ ರಾಕಿ ಪರ್ವತಗಳನ್ನು ಮತ್ತೆ ಹತ್ತಲು ಆ ವೇಳೆಗೆ ತಡವಾಗಿತ್ತು. ಅದೂ ಸಾಲದೆಂದು ಆ ಹೆದ್ದಾರಿಯಲ್ಲೇ ಸಿಗುವ, ಏಳು ಸಾವಿರ ಅಡಿ ಎತ್ತರದ ಅರಿಜೋನದ ಫ್ಲ್ಯಾಗ್‌ಸ್ಟಾಫ್ ತಲುಪುವ ಮೊದಲೇ ಟ್ಯಾಂಕನ್ನೂ ಕೊಳವೆಗಳನ್ನೂ ಬರಿದು ಮಾಡಿ, ಡಬ್ಬಿಯ ನೀರಿನಲ್ಲಿ ಮನೆ ಸೇರಿದೆವು.